ಭಾಮಿನಿ ಷಟ್ಪದಿ ಕಲಿಸಲು ರಟ್ಟು ಮತ್ತು ಚಪ್ಪಾಳೆ

ಸೂತ್ರ ಬಾಯಿಪಾಠ ಮಾಡಿಸದೆ ಛಂದಸ್ಸು ಬರುವುದಿಲ್ಲ ಎಂದು ಜೊತೆಯವರು ಹೇಳುತ್ತಲೇ ಇದ್ದರು. ಈ ಸಲ ಭಾಮಿನಿ ಷಟ್ಪದಿಗೆ ಪ್ರಸ್ತಾರವನ್ನೇ (ಅಕ್ಷರದ ಮೇಲೆ ಗುರು-ಲಘು ಗುರುತು ಹಾಕುವುದನ್ನು) ಕೊನೆಗೆ ಇಟ್ಟೆ. ಮೂರು ವಾರದಲ್ಲಿ ಮೂವತ್ತು ಚಿಲ್ಲರೆ ಮಕ್ಕಳಲ್ಲಿ ಸುಮಾರು 25 ಜನ ತಪ್ಪಿಲ್ಲದೆ ಗಣ (ಮಾತ್ರೆಗಳ, ಅಂದರೆ ಉಚ್ಚಾರದ ಕಾಲದ ಅಳತೆಯ, ಗುಂಪು) ವಿಂಗಡಿಸಿದರು, ಏಳೆಂಟು ಜನ ಸ್ವಂತ ಪದ್ಯವನ್ನೂ ಕಟ್ಟಿದರು. ಮೊದಲೆಲ್ಲ ಹತ್ತು ಜನ ದಾಟುತ್ತಿರಲಿಲ್ಲ.

ಮೊದಲು ದುಡ್ಡು ಹಾಳಾದದ್ದನ್ನು ಹೇಳಿಬಿಡುತ್ತೇನೆ. ಗುರು-ಲಘು (ಎರಡು ಮಾತ್ರೆಯ, ಒಂದು ಮಾತ್ರೆಯ ಅಕ್ಷರ) ನಿಯಮಗಳ ದೊಡ್ಡ ಫ್ಲೆಕ್ಸ್‌ಗೆ ಸುಮಾರು 900 ರೂಪಾಯಿ ಹೋಯಿತು. ಅದನ್ನು ನೋಡಿಕೊಂಡೇ 'ಅಣ್ಣ'ದಲ್ಲಿ 'ಣ್ಣ'ದ ಮೇಲೆ ಗುರು ಹಾಕಿದರು. ಒತ್ತಿನ ಹಿಂದಿನ ಅಕ್ಷರ ಗುರು ಎಂಬುದು ಬಾಯಿಗೆ ಬಂದಿತ್ತು, ಕೈಗೆ ಬಂದಿರಲಿಲ್ಲ. ಮೊಬೈಲಿನ ಮೆಟ್ರೊನೋಮ್ ಇಟ್ಟು ಓದಿಸಿದ್ದೂ ಕೆಟ್ಟಿತು. ಮಕ್ಕಳು ಟಿಕ್ ಶಬ್ದದ ಹಿಂದೆ ಓಡಿ ಪದ್ಯವನ್ನು ಕೈಬಿಟ್ಟರು.

ಗೆದ್ದದ್ದು ರಟ್ಟಿನಿಂದ. ಲಘುವಿಗೆ 2 ಸೆಂ.ಮೀ. ಪಟ್ಟಿ, ಗುರುವಿಗೆ 4 ಸೆಂ.ಮೀ., ಎರಡಕ್ಕೂ ಬೇರೆ ಬೇರೆ ಬಣ್ಣ. ಹಲಗೆಯಾಗಿ ಉದ್ದನೆಯ ರಟ್ಟಿನ ಮೇಲೆ 6, 14, 20, 28 ಸೆಂ.ಮೀ.ಗೆ ಗೆರೆ: ಅದೇ ಭಾಮಿನಿಯ ಸಾಲಿನ 3+4+3+4 ಮಾತ್ರೆ. ಮೂರನೆಯ ಸಾಲಿಗೆ ಇನ್ನೂ 34, 42, 46ಕ್ಕೆ ಗೆರೆ ಬೇಕು: ಮತ್ತೆ 3+4, ತುದಿಗೆ ಒಂದು ಗುರು. ನಾಲ್ವರ ಗುಂಪಿಗೆ 40 ಲಘು, 20 ಗುರು ಸಾಕು. ಪೂರ್ವಾರ್ಧದ (ಮೊದಲ ಮೂರು ಸಾಲಿನ) 51 ಮಾತ್ರೆ ಆರಾಮವಾಗಿ ಮುಗಿಯುತ್ತದೆ. ಎಂಟು ಗುಂಪಿಗೆ ಸೇರಿ 400 ರೂಪಾಯಿ ಒಳಗೇ ಆಯಿತು. ತೆಳು ರಟ್ಟು ಬೇಡ. ಎರಡನೇ ದಿನವೇ ಸುರುಳಿ ಸುತ್ತಿಕೊಂಡು ಅಳತೆ ತಪ್ಪುತ್ತದೆ.

ಪಟ್ಟಿ ಜೋಡಿಸಿದ ಮೇಲೆ ಗೆರೆ ಬಂದಲ್ಲೆಲ್ಲ ಚಪ್ಪಾಳೆ. ಸಂಗೀತ ಬಲ್ಲ ಮಗು ಇದ್ದರೆ ಮಿಶ್ರಛಾಪು (3+4ರ ತಾಳ) ಅಂದರೆ ಮುಗಿಯಿತು. ಇಲ್ಲದಿದ್ದರೆ 'ತಕಿಟ ತಕದಿಮಿ' ಹೇಳಿಸಿ.

ಮೊದಲ ಪದ್ಯಕ್ಕೆ ಕುಮಾರವ್ಯಾಸನ 'ವೇದಪುರುಷನ ಸುತನ ಸುತನ ಸ | ಹೋದರನ ಹೆಮ್ಮಗನ ಮಗನ ತ | ಳೋದರಿಯ' ಬಿಟ್ಟರೆ ಬೇರೆ ಹುಡುಕಬೇಡಿ. 'ಸಹೋದರ' ಎಂಬ ಪದವೇ ಸಾಲಿನ ತುದಿಯಲ್ಲಿ ಮುರಿಯುತ್ತದೆ. ಪದ ಒಂದು, ಗಣ ಇನ್ನೊಂದು ಎಂಬುದಕ್ಕೆ ಬೇರೆ ವಿವರಣೆಯೇ ಬೇಡ. 'ವೇ', 'ಹೋ', 'ಳೋ' ಆದ ಮೇಲೆ ಮೂರು ಸಲವೂ 'ದ' ಬಂದು ಆದಿಪ್ರಾಸವೂ (ಸಾಲುಗಳ ಎರಡನೆಯ ಅಕ್ಷರ ಒಂದೇ ಆಗುವುದೂ) ಕಣ್ಣಿಗೆ ಬೀಳುತ್ತದೆ. ಕೊನೆಯ ಸಾಲಿನ 'ವೀರನಾರಯಣ'ವನ್ನು ಕೆಲವರು ಅಚ್ಚಿನ ತಪ್ಪು ಅಂದುಕೊಂಡು 'ನಾರಾಯಣ' ಎಂದು ತಿದ್ದಿದರು. ತುದಿಯ 'ಣ'ಕ್ಕೆ ಗುರು ಪಟ್ಟಿ ಇಟ್ಟಾಗ ತಿದ್ದಿದವರ ಪಟ್ಟಿ 2 ಸೆಂ.ಮೀ. ಹೊರಗೆ ಚಾಚಿತು. ಕವಿ ದೀರ್ಘವನ್ನು ಯಾಕೆ ಕುಗ್ಗಿಸಿದ ಎಂದು ಅವರೇ ಹೇಳಿದರು. ಇನ್ನು ಮೂರನೆಯ ಸಾಲಿನ ತುದಿಯ 'ಭುಜಬಲದಿ'ಯ 'ದಿ'. ಅದಕ್ಕೆ ಲಘು ಪಟ್ಟಿ ಇಟ್ಟರೆ 44ಕ್ಕೇ ನಿಲ್ಲುತ್ತದೆ, ಅಲ್ಲಿ ಲಘುವನ್ನೇ ಗುರುವಾಗಿ ಎಳೆಯಬೇಕು.

ಸ್ವಂತ ಸಾಲು ಬರೆಸುವಾಗ ಹೆಚ್ಚು ಎಡವುವುದು ಒಂದೇ ಕಡೆ. 'ಮಳೆ ಬಿದ್ದ ಹೊಲದಲ್ಲಿ' ಎಂದು ಶುರುಮಾಡುತ್ತಾರೆ. 'ಬಿ' ಗುರು, ಅದರ ಪಟ್ಟಿ 6ರ ಗೆರೆಯನ್ನು ದಾಟಿ ಕೂರುತ್ತದೆ. ಗಣದ ಗಡಿಯಲ್ಲಿ ಗುರುವನ್ನು ಕತ್ತರಿಸುವ ಹಾಗಿಲ್ಲ. 'ದಲ್ಲಿ'ಯನ್ನು 'ದಲಿ' ಮಾಡಿ, ಪದ ಹಿಂದೆ ಮುಂದೆ ಸರಿಸಿದಾಗ ಒಂದು ಗುಂಪಿಗೆ ಸಿಕ್ಕಿದ್ದು ಇದು:

ಮಳೆಯ ಹನಿಗಳು ಬಿದ್ದ ಹೊಲದಲಿ
ಬೆಳೆದ ರಾಗಿಯ ತೆನೆಯು ತೂಗಿದೆ
ಎಳೆಯ ಬಿಸಿಲಿಗೆ ಮಿಂಚಿ ನಿಂತಿದೆ ನಮ್ಮ ಊರಿನಲಿ

14, 14, 23. ಕಾವ್ಯ ಅನ್ನುವುದಿಲ್ಲ, ಆದರೆ ಲೆಕ್ಕ ಚೊಕ್ಕ.

ರಟ್ಟು ಹಿಡಿಯದ ತಪ್ಪೂ ಒಂದಿದೆ. 'ಸದಾ ಹನಿಗಳು' ಎಂದರೆ ಮಾತ್ರೆ ಏಳೇ, ಗೆರೆಯೂ ಕೂಡುತ್ತದೆ. ಆದರೂ ಚಪ್ಪಾಳೆ ಮುಗ್ಗರಿಸುತ್ತದೆ, ಯಾಕೆಂದರೆ ಗಣ ಲಘು-ಗುರುವಿನಿಂದ ಶುರುವಾಯಿತು. ಹೀಗಾಗಿ ಚಪ್ಪಾಳೆ ಬಿಡುವಂತಿಲ್ಲ. ಹಳಗನ್ನಡಕ್ಕೆ ಹೋದಾಗ 'ಅಮರ್ದು' ತರಹದ ಶಿಥಿಲದ್ವಿತ್ವ (ತೇಲಿಸಿ ಉಚ್ಚರಿಸುವ ಒತ್ತಕ್ಷರ) ಬಂದರೂ ಕಿವಿಯೇ ಗತಿ. ಅಲ್ಲಿ 'ಮ' ತೇಲಿ ಲಘುವಾಗಿಯೇ ಉಳಿಯುತ್ತದೆ.

ಪ್ರಾಸಕ್ಕೆ ಪದ ಹೊಂದಿಸಲು ನನ್ನದೊಂದು ಕ್ರಮ ಇದೆ. ಅದನ್ನು ಇಲ್ಲಿ ಬರೆಯುತ್ತಿಲ್ಲ, ಇನ್ನೊಂದು ವರ್ಷ ನೋಡಬೇಕು.

ಇದೇ ಪಟ್ಟಿಗಳಲ್ಲಿ ಅಲಂಕಾರವನ್ನೂ ಒಮ್ಮೆ ಅಳೆಸಿದೆ. 'ಕಮಲದಂತಹ ಮುಖವು' ಉಪಮೆ, 10 ಮಾತ್ರೆ. 'ಮುಖಕಮಲ' ರೂಪಕ, 5 ಮಾತ್ರೆ. 'ಅಂತೆ' ಬಿದ್ದುಹೋಗಿ ಉಪಮೇಯ, ಉಪಮಾನ ಒಂದಾಗುವಾಗ ಸಾಲಿನಲ್ಲಿ ಎಷ್ಟು ಜಾಗ ಮಿಗುತ್ತದೆ ಎಂದು ಸೆಂ.ಮೀ.ನಲ್ಲೇ ಕಂಡಿತು. ಕುಮಾರವ್ಯಾಸನಿಗೆ 'ರೂಪಕ ಸಾಮ್ರಾಜ್ಯ ಚಕ್ರವರ್ತಿ' ಬಿರುದು ಬಂದದ್ದಕ್ಕೆ ಇದಿಷ್ಟೇ ಕಾರಣ ಅಲ್ಲ. ಆದರೆ 14 ಮಾತ್ರೆಯ ಸಾಲಿನಲ್ಲಿ ಉಳಿದ ಐದು ಮಾತ್ರೆ ಚಿಕ್ಕದಲ್ಲ.

ವಾರ್ಧಕ ಷಟ್ಪದಿಗೆ ಐದೈದು ಮಾತ್ರೆಯ ಗಣ. ಗೆರೆ 10, 20, 30, 40ಕ್ಕೆ. ಮೂರನೆಯ ಸಾಲು 64 ಸೆಂ.ಮೀ. ಬೇಕಾಗಿ ನನ್ನ ರಟ್ಟು ಸಾಲಲಿಲ್ಲ, ಎರಡು ಅಂಟಿಸಿದೆ. ನಾಲ್ಕು ಸಾಲಿನ ಕಂದಪದ್ಯದಲ್ಲಿ ಮಾತ್ರ ಸೋತೆ. 12, 20 ಮಾತ್ರೆ ಸಲೀಸಾಗಿ ಕೂತಿತು, ಆದರೆ ಆರನೆಯ ಗಣ ಜಗಣ (ಲಘು-ಗುರು-ಲಘು) ಇಲ್ಲವೇ ಸರ್ವಲಘು ಆಗಬೇಕೆಂಬ ನಿಯಮ ಚಪ್ಪಾಳೆಗೆ ಸಿಗಲಿಲ್ಲ. ಈಗ ಎರಡನೆಯ ಮತ್ತು ನಾಲ್ಕನೆಯ ಸಾಲಿನ ಮೂರನೆಯ ಮನೆಗೆ (ಆ ಆರನೆಯ ಗಣ ಬೀಳುವಲ್ಲಿ) ಕೆಂಪು ಬಳಿದಿದ್ದೇನೆ. ಮುಂದಿನ ತಂಡದ ಮೇಲೆ ಅದನ್ನು ನೋಡುವುದಿದೆ.