ತಂಗಿಯ ದನಿಗೆ ಜಾಗ ಬಿಟ್ಟ ಪಿಕಪ್

ನಮ್ಮ ಮನೆ ಸೋಮವಾರಪೇಟೆಯಿಂದ ಸ್ವಲ್ಪ ಒಳಗೆ, ಕಾಫಿ ತೋಟದ ನಡುವೆ ಇದೆ. ತಂಗಿ ಭಾವಗೀತೆ ಹಾಡುತ್ತಾಳೆ, ನಾನು ಜೊತೆಗೆ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತೇನೆ. ಡಿಸ್ಟಾರ್ಷನ್ (ಸದ್ದನ್ನು ಒಡೆದು ಒರಟಾಗಿಸುವುದು) ಇಲ್ಲ, ಮೀಟುವ ಪಿಕ್ ಕೂಡ ಇಲ್ಲ, ಬರೀ ಬೆರಳು. ಗಿಟಾರ್ ಸ್ಟ್ರಾಟ್ (ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್) ಮಾದರಿಯದು, ಅದರಲ್ಲಿ ಮೂರು ಸಿಂಗಲ್ ಕಾಯಿಲ್ ಪಿಕಪ್. ಪಿಕಪ್ ಅಂದರೆ ತಂತಿಗಳ ಕೆಳಗೆ ಕೂತು ಅವುಗಳ ಅಲುಗಾಟವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ: ಅಯಸ್ಕಾಂತ, ಜೊತೆಗೆ ತಾಮ್ರದ ಎಳೆಯ ಸುರುಳಿ. ಸಿಂಗಲ್ ಕಾಯಿಲ್ ಅಂದರೆ ಅಂಥ ಸುರುಳಿ ಒಂದೇ. ಕಡಿಮೆ ಬೆಲೆಯ ಗಿಟಾರ್‌ಗಳಲ್ಲಿ ಸಾಮಾನ್ಯವಾಗಿ ಇರುವಂತೆ ಉಕ್ಕಿನ ಕಡ್ಡಿಗಳು, ಅವುಗಳ ಅಡಿಗೆ ಸೆರಾಮಿಕ್ ಅಯಸ್ಕಾಂತದ ಒಂದು ಪಟ್ಟಿ.

ಕಳೆದ ಮಳೆಗಾಲದಲ್ಲಿ ಒಂದು ಸಂಜೆ ತಂಗಿ ಹಾಡು ನಿಲ್ಲಿಸಿ, "ಅಣ್ಣಾ, ನಾನು ಮೇಲಕ್ಕೆ ಹೋದಾಗಲೆಲ್ಲ ನಿನ್ನ ಗಿಟಾರ್ ನನ್ನ ಮೇಲೇ ಬೀಳುತ್ತೆ" ಅಂದಳು. ಗಿಟಾರ್‌ನ ವಾಲ್ಯೂಮ್ ಇಳಿಸಿದೆ. ಆಗ ಸದ್ದು ಮಂಕಾಯಿತು, ಕಂಬಳಿ ಹೊದ್ದಂತೆ. ನಾನು ಹೆಚ್ಚಾಗಿ ಬಳಸುವುದು ಗಿಟಾರಿನ ಕುತ್ತಿಗೆಯ ಕಡೆಯ ಪಿಕಪ್. ಅದನ್ನೇ ಬದಲಿಸೋಣ ಅಂತ ಹೊರಟೆ.

ಮೊದಲನೇ ಸಲ ತಪ್ಪು ಆರಿಸಿದೆ. ಮೈಸೂರಿಗೆ ಹೋದಾಗ ಒಂದು ಅಂಗಡಿಯಲ್ಲಿ ಕೇಳಿದ್ದೆ. ಓಮ್ (ಎಳೆಯ ರೆಸಿಸ್ಟೆನ್ಸ್, ಅಂದರೆ ವಿದ್ಯುತ್ ತಡೆಯ ಅಳತೆ) ಜಾಸ್ತಿ ಇದ್ದಷ್ಟು ಪಿಕಪ್ ಒಳ್ಳೆಯದು ಅಂತ ಹೇಳಿದರು. ನಾನೂ ನಂಬಿ 7.5 ಕಿಲೋಓಮ್‌ನ ಒಂದನ್ನು ತಂದೆ. ಹಾಕಿ ನುಡಿಸಿದರೆ ತಂಗಿಯ ತೊಂದರೆ ಕಡಿಮೆ ಆಗುವ ಬದಲು ದುಪ್ಪಟ್ಟಾಯಿತು.

ಕಾರಣ ಆಮೇಲೆ ತಿಳಿಯಿತು. ಸ್ಟ್ರಾಟ್ ಪಿಕಪ್‌ಗೆ ಸಾಮಾನ್ಯವಾಗಿ 42 ಗೇಜ್ ತಾಮ್ರದ ಎಳೆಯನ್ನು ಸುಮಾರು 8,000 ಸುತ್ತು ಸುತ್ತುತ್ತಾರೆ. ಎಳೆಯ ದಪ್ಪ 0.06 ಮಿಲಿಮೀಟರ್ ಅಷ್ಟೇ, ನಮ್ಮ ತಲೆಕೂದಲಿನಷ್ಟು. ಸುತ್ತು ಹೆಚ್ಚಿದರೆ ಓಮ್ ಏರುತ್ತದೆ, ಸದ್ದೂ ಜೋರಾಗುತ್ತದೆ ನಿಜ, ಆದರೆ ಮೇಲಿನ ಮಿನುಗು ಕುಗ್ಗಿ ನಡುವಿನ ದನಿ ಉಬ್ಬುತ್ತದೆ. ಹಾಡುವವರ ಗಂಟಲು ಇರುವುದೂ ಆ ನಡುವಿನಲ್ಲೇ ಅಲ್ವಾ? ಗಿಟಾರ್ ಹೋಗಿ ಅದೇ ಜಾಗದಲ್ಲಿ ಕೂತಿತ್ತು. ಲೀಡ್, ಅಂದರೆ ಮುಂದೆ ನಿಂತು ಮುಖ್ಯ ರಾಗ ನುಡಿಸುವವರಿಗೆ ಅದೇ ಪಿಕಪ್ ಚೆನ್ನಾಗಿರಬಹುದು. ಹಾಡಿನ ಹಿಂದೆ ನಿಲ್ಲುವವರಿಗೆ ಅದು ಬೇಡ.

ಓಮ್ ಲೆಕ್ಕವನ್ನೂ ಪೂರ್ತಿ ನಂಬಬೇಡಿ. 43 ಗೇಜ್‌ನ ಇನ್ನೂ ಸಣ್ಣ ಎಳೆ ಸುತ್ತಿದರೆ ಸುತ್ತು ಹೆಚ್ಚದೆಯೇ ಓಮ್ ಏರುತ್ತದೆ. ಚಳಿಯೂ ಲೆಕ್ಕಕ್ಕೆ ಬರುತ್ತದೆ. ತಾಮ್ರದ ರೆಸಿಸ್ಟೆನ್ಸ್ ಒಂದು ಡಿಗ್ರಿಗೆ ಸುಮಾರು ಶೇಕಡ 0.4 ಬದಲಾಗುತ್ತದೆ. ನನ್ನ ಈಗಿನ ಪಿಕಪ್ ಡಿಸೆಂಬರ್ ಬೆಳಗ್ಗೆ ಮಂಜು ಇಳಿಯುವಾಗ 5.8 ಕಿಲೋಓಮ್ ತೋರಿಸಿತ್ತು. ಅದೇ ದಿನ ಮಧ್ಯಾಹ್ನ ಕಾಫಿ ಒಣಗಿಸುವ ಕಣದ ಪಕ್ಕ ಬಿಸಿಲಲ್ಲಿ ಕೂತು ಅಳೆದರೆ ಹತ್ತಿರ ಹತ್ತಿರ 6.1. ಪಿಕಪ್ ಅದೇ, ಮೀಟರ್ ಅದೇ.

ಆ ಮೊದಲ ಪಿಕಪ್‌ನಲ್ಲಿ ಇನ್ನೂ ಎರಡು ತೊಂದರೆ ಇದ್ದವು. ಒಂದು, ಅದರ ಪೋಲ್ ಪೀಸ್‌ಗಳು, ಅಂದರೆ ತಂತಿಗೊಂದರಂತೆ ಕೆಳಗಿರುವ ಕಡ್ಡಿಗಳು, ಏರುತಗ್ಗಾಗಿದ್ದವು, ಮೂರನೇ ತಂತಿಯದ್ದು ಎತ್ತರ. 1954ರಲ್ಲಿ ಸ್ಟ್ರಾಟ್ ಬಂದಾಗ ಮೂರನೇ ತಂತಿಗೂ ಮೇಲೆ ಸಣ್ಣ ತಂತಿಯ ಸುತ್ತು ಇರುತ್ತಿತ್ತು, ಅದರ ಸದ್ದು ಕಡಿಮೆ, ಅದಕ್ಕೆ ಎತ್ತರದ ಕಡ್ಡಿ ಕೊಟ್ಟಿದ್ದರು. ಈಗ ನಾವೆಲ್ಲ ಹಾಕುವುದು ಸುತ್ತಿಲ್ಲದ ಬರೀ ತಂತಿ. ಹೀಗಾಗಿ ಮೂರನೇ ತಂತಿ ಮೀಟಿದಾಗಲೆಲ್ಲ ಅದೊಂದೇ ಕಿರುಚಿದಂತೆ ಕೇಳುತ್ತಿತ್ತು. ಬೆರಳಲ್ಲಿ ನುಡಿಸುವಾಗ ಇದು ತುಂಬಾ ಎದ್ದು ಕಾಣುತ್ತದೆ. ಈ ಪೋಲ್ ಪೀಸ್‌ಗಳನ್ನು ಒತ್ತಿ ಇಳಿಸೋಣ ಅನ್ನಬೇಡಿ. ಹಳೆಯ ಕ್ರಮದ ಪಿಕಪ್‌ನಲ್ಲಿ ಎಳೆಯನ್ನು ನೇರ ಅಯಸ್ಕಾಂತದ ಕಡ್ಡಿಗಳ ಮೇಲೇ ಸುತ್ತಿರುತ್ತಾರೆ. ಒತ್ತಿದರೆ ಎಳೆ ತುಂಡಾಗಿ ಪಿಕಪ್ ಸತ್ತೇ ಹೋಗಬಹುದು.

ಇನ್ನೊಂದು ತೊಂದರೆ ನನ್ನನ್ನು ಎರಡು ವಾರ ಕಾಡಿತು. ಕುತ್ತಿಗೆಯ ಪಿಕಪ್ಪನ್ನೂ ನಡುವಿನದನ್ನೂ ಸ್ವಿಚ್ಚಿನಿಂದ ಒಟ್ಟಿಗೆ ಹಾಕಿದರೆ ಸದ್ದು ಬಡಕಲಾಗಿ, ಮೂಗಿನಲ್ಲಿ ಮಾತಾಡಿದಂತೆ ಬರುತ್ತಿತ್ತು. ಗಿಟಾರ್ ಹೊತ್ತು ನಮ್ಮೂರಿನ ರೇಡಿಯೋ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯ ಅಣ್ಣ ಎರಡು ವಯರ್ ಅದಲು ಬದಲು ಮಾಡಿ ಬೆಸುಗೆ ಹಾಕಿಕೊಟ್ಟರು. ಸದ್ದು ತುಂಬಿ ಬಂತು. ಆದರೆ ಎರಡನ್ನೂ ಸೇರಿಸಿದಾಗ ಮೊದಲು ಇಲ್ಲದ ಗುಂಯ್ ಅನ್ನುವ ಹಮ್ ಶುರುವಾಯಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಒಂದೇ ಒಂದು ಪಿಕಪ್ ಬದಲಿಸುವವರು ಎಡವುವುದು ಇಲ್ಲೇ. ಈಗಿನ ಬಹಳಷ್ಟು ಗಿಟಾರ್‌ಗಳಲ್ಲಿ ನಡುವಿನ ಪಿಕಪ್‌ನ ಸುತ್ತೂ ಉಲ್ಟಾ, ಅಯಸ್ಕಾಂತವೂ ಉಲ್ಟಾ. ಕರೆಂಟಿನ ಹಮ್ ಸುತ್ತಿನ ದಿಕ್ಕನ್ನು ಮಾತ್ರ ನೋಡುತ್ತದೆ, ಹಾಗಾಗಿ ಎರಡು ಪಿಕಪ್ ಸೇರಿದಾಗ ಅದು ಒಂದಕ್ಕೊಂದು ಅಳಿಸಿಹೋಗುತ್ತದೆ. ತಂತಿಯ ಸದ್ದು ಸುತ್ತು, ಅಯಸ್ಕಾಂತ ಎರಡನ್ನೂ ನೋಡುತ್ತದೆ. ಎರಡೂ ಉಲ್ಟಾ ಆದ್ದರಿಂದ ಅದು ಕೂಡಿಕೊಳ್ಳುತ್ತದೆ. ನಾನು ತಂದ ಪಿಕಪ್‌ನ ಅಯಸ್ಕಾಂತದ ದಿಕ್ಕು ನಡುವಿನದರದ್ದೇ ಆಗಿತ್ತು. ವಯರ್ ಬದಲಿಸಿದರೆ ಸದ್ದು ಸರಿಹೋಗುತ್ತದೆ, ಹಮ್ ಅಳಿಸುವುದು ಹೋಗುತ್ತದೆ. ಎರಡೂ ಬೇಕೆಂದರೆ ಅಯಸ್ಕಾಂತದ ದಿಕ್ಕೇ ನಡುವಿನದಕ್ಕೆ ಉಲ್ಟಾ ಇರಬೇಕು.

ನೋಡುವುದು ಸುಲಭ. ನಡುವಿನ ಪಿಕಪ್ಪನ್ನು ಬಿಚ್ಚಿ ಜೊತೆಗೆ ಒಯ್ಯಿರಿ. ಹೊಸದರ ಮುಖವನ್ನು ಅದರ ಮುಖಕ್ಕೆ ಎದುರಾಗಿ ಹಿಡಿಯಿರಿ. ಸೆಳೆದರೆ ತಗೊಳ್ಳಿ, ತಳ್ಳಿದರೆ ಬೇರೆ ಕೇಳಿ. ಪೂರ್ತಿ ಗಿಟಾರ್ ಬಿಚ್ಚಲು ಮನಸ್ಸಿಲ್ಲದಿದ್ದರೆ ದಿಕ್ಸೂಚಿ ಸಾಕು, ಯಾವ ಪಿಕಪ್ಪಿಗೆ ಮುಳ್ಳಿನ ಯಾವ ತುದಿ ತಿರುಗುತ್ತದೆ ಅಂತ ಬರೆದಿಟ್ಟುಕೊಳ್ಳಿ.

ನಮ್ಮ ಕಡೆ ಈ ಹಮ್ ವಿಚಾರ ಸಣ್ಣದಲ್ಲ. ಜುಲೈ, ಆಗಸ್ಟ್‌ನಲ್ಲಿ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತೋ ಗೊತ್ತಿಲ್ಲ. ಮನೆ ಇನ್ವರ್ಟರ್ ಮೇಲೆ ನಡೆಯುತ್ತದೆ. ನಮ್ಮದು ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್, ಅದರ ಕರೆಂಟಿನಲ್ಲಿ 50 ಹರ್ಟ್ಸ್ (ಸೆಕೆಂಡಿಗೆ 50 ಕಂಪನ) ಜೊತೆ ಮೇಲಿನ ಕಂಪನಗಳೂ ತುಂಬಿರುತ್ತವೆ. ಸಿಂಗಲ್ ಕಾಯಿಲ್ ಅದನ್ನೆಲ್ಲ ಹಿಡಿದು ಜೀರುಂಡೆಯಂತೆ ಕೂಗುತ್ತದೆ. ಗಿಟಾರ್‌ನ ಒಳಗೆ ತಾಮ್ರದ ಟೇಪ್ ಅಂಟಿಸಿದೆ, ಆ ಜೀರು ಸದ್ದು ಬಹಳ ಇಳಿಯಿತು. 50 ಹರ್ಟ್ಸ್‌ನ ದಪ್ಪ ಹಮ್ ಟೇಪಿಗೆ ಬಗ್ಗಲಿಲ್ಲ, ಬಗ್ಗುವುದೂ ಇಲ್ಲ. ಅದಕ್ಕೆ ಎರಡು ಪಿಕಪ್ ಸೇರಿಸುವುದು, ಇಲ್ಲವೇ ಕೂತಲ್ಲೇ ಸ್ವಲ್ಪ ತಿರುಗಿ ಹಮ್ ಕಡಿಮೆಯಾಗುವ ದಿಕ್ಕು ಹುಡುಕುವುದು. ನಮ್ಮ ಜಗಲಿಯಲ್ಲಿ ಆ ದಿಕ್ಕು ಬಾವಿಯ ಕಡೆಗೆ ಮುಖ ಮಾಡಿದರೆ ಸಿಗುತ್ತದೆ. ಹಳೆಯ ಮನೆಯಾದರೆ ಅರ್ಥಿಂಗ್ ಮೊದಲು ನೋಡಿಸಿ. ಇದು ಸದ್ದಿಗಿಂತ ಜೀವದ ವಿಚಾರ. ಮಾರ್ಚ್‌ನಲ್ಲಿ ಮಣ್ಣು ಒಣಗಿದಾಗ ಅರ್ಥಿಂಗ್ ಗುಂಡಿಗೆ ನಾವು ನೀರು ಹಾಕುತ್ತೇವೆ. ಕಾಯಿಲ್ ಮೇಲೆ ಕಾಯಿಲ್ ಇಟ್ಟು ಮಾಡಿದ, ಹಮ್ ಬರದ ಪಿಕಪ್‌ಗಳೂ ಸಿಗುತ್ತವೆ. ನುಡಿಸಿ ನೋಡಿದೆ. ತೆರೆದ ಸದ್ದು ಸ್ವಲ್ಪ ಮುಚ್ಚಿದಂತೆ ನನಗೆ ಕೇಳಿತು, ಬಿಟ್ಟೆ.

ಎರಡನೇ ಸಲ ಕೊರಿಯರ್‌ನಲ್ಲಿ ತರಿಸಿದೆ, ನನಗೆ ಬೇಕಾದ್ದನ್ನು ಬರೆದು ಕೇಳಿ: ಆಲ್ನಿಕೋ 5 (ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಬೆರೆತ ಲೋಹ) ಅಯಸ್ಕಾಂತ, 42 ಗೇಜ್ ಎಳೆ, 6 ಕಿಲೋಓಮ್‌ಗಿಂತ ಕಡಿಮೆ, ಸಮತಟ್ಟಾದ ಪೋಲ್ ಪೀಸ್, ನನ್ನ ನಡುವಿನ ಪಿಕಪ್‌ಗೆ ಹೊಂದುವ ದಿಕ್ಕು. ಹಾಕಿದ ದಿನ ಎಲ್ಲಕ್ಕಿಂತ ದಪ್ಪನೆಯ ಆರನೇ ತಂತಿಯ ಸದ್ದು ಹನ್ನೆರಡನೇ ಫ್ರೆಟ್‌ನಿಂದ (ಕುತ್ತಿಗೆಯ ಮೇಲಿನ ಅಡ್ಡ ಪಟ್ಟಿ) ಮೇಲೆ ತೂಗಾಡುತ್ತಿತ್ತು, ಒಂದು ಸ್ವರದಲ್ಲಿ ಎರಡು ಕೇಳಿದ ಹಾಗೆ. ನನಗೆ ಒಂದು ಕ್ಷಣ ಗಾಬರಿಯಾಯಿತು. ಆದರೆ ಪಿಕಪ್ ಕೆಟ್ಟಿರಲಿಲ್ಲ. ಆಲ್ನಿಕೋ ಕಡ್ಡಿಗಳ ಸೆಳೆತ ಹಳೆಯದಕ್ಕಿಂತ ಜಾಸ್ತಿ, ತಂತಿಯನ್ನೇ ಹಿಡಿದು ಜಗ್ಗುತ್ತಿದ್ದವು. ಪಿಕಪ್ ಇಳಿಸಬೇಕು.

ಅಳೆಯಲು ಡ್ರಿಲ್ ಬಿಟ್‌ನ ನುಣುಪಾದ ಬಾಲ ಬಳಸಿದೆ. ಕೊನೆಯ ಫ್ರೆಟ್‌ನಲ್ಲಿ ತಂತಿ ಒತ್ತಿ ಹಿಡಿದು, ಪೋಲ್ ಪೀಸ್ ಮೇಲೆ ಬಿಟ್ ಇಡುವುದು. ಅಯಸ್ಕಾಂತಕ್ಕೆ ಅದು ತಾನೇ ಕಚ್ಚಿಕೊಂಡು ನಿಲ್ಲುತ್ತದೆ, ಕೈ ಅಲುಗುವ ಭಯ ಇಲ್ಲ. ಆರನೇ ತಂತಿಯ ಕಡೆ 2.5 ಮಿಲಿಮೀಟರ್, ಒಂದನೆಯದರ ಕಡೆ 2 ಇಟ್ಟು ಶುರು ಮಾಡಿದೆ. ಸ್ಕ್ರೂವನ್ನು ಕಾಲು ಸುತ್ತು ತಿರುಗಿಸುವುದು, ಕೇಳುವುದು. ಕೊನೆಗೆ ದಪ್ಪ ತಂತಿಯ ಕಡೆ 3 ಮಿಲಿಮೀಟರ್‌ಗೆ ಬಂದು ನಿಂತೆ. ತೂಗಾಟ ಹೋಯಿತು, ತಂತಿಯ ಮರದಂಥ ಟಕ್ ಅನ್ನುವ ಮೊದಲ ಸದ್ದು ಬಿಡಿಬಿಡಿಯಾಗಿ ಕೇಳತೊಡಗಿತು.

ಅವತ್ತು ರಾತ್ರಿ ಹೆಂಚಿನ ಮೇಲೆ ಮಳೆ ಜೋರಾಗಿತ್ತು. ತಂಗಿ ಎರಡು ಹಾಡು ಮುಗಿಸಿ ಮೂರನೆಯದಕ್ಕೆ ಶ್ರುತಿ ಕೇಳಿದಳು. ಗಿಟಾರ್ ಬಗ್ಗೆ ಒಂದು ಮಾತೂ ಆಡಲಿಲ್ಲ. ಬ್ರಿಜ್ ಕಡೆಯ, ಅಂದರೆ ತಂತಿಗಳು ಗಿಟಾರಿನ ಮೈಮೇಲೆ ಕೂರುವ ತುದಿಯ ಪಿಕಪ್ ಇನ್ನೂ ಹಳೆಯದೇ ಇದೆ. ಕಾಫಿ ಕೊಯ್ಲು ಮುಗಿದ ಮೇಲೆ ಅದಕ್ಕೊಂದು ತರಿಸಬೇಕು, ಅಲ್ಲಿ ಸದ್ದು ತೆಳು ಆದ್ದರಿಂದ 6.5 ಕಿಲೋಓಮ್ ಆಸುಪಾಸಿನದು.