ಹಳೆ ಡೆಸ್ಕ್‌ಟಾಪ್: ಏನು ಹಾಕಿದೆ, ಏನು ಬಿಟ್ಟೆ

ಬ್ರೌಸರ್ ತೆರೆದರೆ ಸಾಕು, ಕಂಪ್ಯೂಟರ್ ಗಕ್ಕನೆ ನಿಂತುಬಿಡುತ್ತಿತ್ತು. ಪ್ರೊಸೆಸರ್ ಬದಲಿಸು ಅಂದವರೇ ಹೆಚ್ಚು. ಅದಕ್ಕೆ ಮದರ್‌ಬೋರ್ಡೂ ಬದಲಾಗಬೇಕಿತ್ತು, ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ. ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟುಕೊಂಡೇ ದಿನದ ಕೆಲಸ ಮಾಡಿದೆ. ಪ್ರೊಸೆಸರ್ ಬಳಕೆ ಅರ್ಧವನ್ನೂ ಮುಟ್ಟುತ್ತಿರಲಿಲ್ಲ. ಡಿಸ್ಕ್ ಮಾತ್ರ ಶೇ. 100ಕ್ಕೆ ಅಂಟಿಕೊಂಡಿತ್ತು. ಅಲ್ಲಿಗೆ ಕಳ್ಳ ಸಿಕ್ಕ.

ಹಾರ್ಡ್ ಡಿಸ್ಕ್ ಜಾಗಕ್ಕೆ, ಚಿಪ್‌ಗಳಲ್ಲೇ ಡೇಟಾ ಇಡುವ ಎಸ್‌ಎಸ್‌ಡಿ ಬಂತು. ಅದರಲ್ಲೇ ಇನ್ನೂ ವೇಗದ ಎನ್‌ವಿಎಂಇ ಬಗೆಯ ಆಸೆಯೇನೋ ಇತ್ತು, ಆದರೆ ಬೋರ್ಡಿನಲ್ಲಿ ಅದನ್ನು ಕೂರಿಸುವ ಎಂ.2 ಸ್ಲಾಟೇ ಇಲ್ಲ. ಹಾಗಾಗಿ ತಂದದ್ದು ಸಾಟಾ ಕೇಬಲ್ಲಿಗೆ ಸೇರುವ 2.5 ಇಂಚಿನ ಎಸ್‌ಎಸ್‌ಡಿ. ಅದರ ವೇಗ ಸೆಕೆಂಡಿಗೆ ಸುಮಾರು 550 ಎಂಬಿಗೆ ನಿಲ್ಲುತ್ತದೆ, ನಿಜ. ಆದರೆ ವಿಂಡೋಸ್ ಶುರುವಾಗುವಾಗ ಓದುವುದು ಅಲ್ಲಲ್ಲಿ ಚದುರಿದ ಸಣ್ಣ ಸಣ್ಣ ಫೈಲುಗಳನ್ನು. ಹಾರ್ಡ್ ಡಿಸ್ಕಿನಲ್ಲಿ ಡೇಟಾ ಓದುವ ಹೆಡ್ ಪ್ರತಿಯೊಂದಕ್ಕೂ ಅತ್ತಿಂದಿತ್ತ ಓಡಾಡಬೇಕು, ತಡವಾಗುವುದೇ ಅಲ್ಲಿ. ಎಸ್‌ಎಸ್‌ಡಿಯಲ್ಲಿ ಓಡಾಡುವ ಭಾಗವೇ ಇಲ್ಲ. ಹಳೆಯದರಲ್ಲಿದ್ದ ಎಲ್ಲವನ್ನೂ ಹೊಸದಕ್ಕೆ ಹಾಗೇ ನಕಲಿಸಿ ಕ್ಲೋನ್ ಮಾಡಿದೆ, ಮರುದಿನದಿಂದಲೇ ವ್ಯತ್ಯಾಸ ಕಣ್ಣಿಗೆ ರಾಚಿತು.

ಉಳಿದ ದುಡ್ಡಿಗೆ ಇನ್ನೊಂದು 8 ಜಿಬಿ ರ್‍ಯಾಮ್. ಮೊದಲು ಒಂದೇ ಸ್ಟಿಕ್ ಇತ್ತು. ಜೋಡಿಯಾದ ಮೇಲೆ ಡ್ಯುಯಲ್ ಚಾನೆಲ್, ಅಂದರೆ ಎರಡೂ ಸ್ಟಿಕ್‌ಗಳಿಂದ ಒಟ್ಟಿಗೇ ಡೇಟಾ ಹರಿಯುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದವರಿಗೆ ಇದು ಹೆಚ್ಚುವರಿ ಲಾಭ, ಏಕೆಂದರೆ ಒಳಗಿನ ಗ್ರಾಫಿಕ್ಸ್ ಇದೇ ರ್‍ಯಾಮನ್ನು ಬಳಸುತ್ತದೆ. ಸ್ಟಿಕ್ಕಿನ ತಲೆಮಾರೂ ಹೊಂದಬೇಕು: ಡಿಡಿಆರ್4ಗೆ ಡಿಡಿಆರ್4ನ್ನೇ ತನ್ನಿ, ಹಳೆಯ ಡಿಡಿಆರ್3 ಆ ಸ್ಲಾಟಿಗೆ ಕೂರುವುದೂ ಇಲ್ಲ.

ಗ್ರಾಫಿಕ್ಸ್ ಕಾರ್ಡ್ ಕೈಬಿಟ್ಟೆ. ಅದಕ್ಕೆ ಬೇಕಾದಷ್ಟು ವಿದ್ಯುತ್ ಕೊಡುವ ಶಕ್ತಿ ಪವರ್ ಸಪ್ಲೈಗೆ ಇರಲಿಲ್ಲ, ನಾನಂತೂ ಗೇಮ್ ಆಡುವವನಲ್ಲ. ಹಳೆ ಹಾರ್ಡ್ ಡಿಸ್ಕಿನಲ್ಲಿ ಈಗ ಫೋಟೋಗಳ ಬ್ಯಾಕಪ್ ಇದೆ.