ಬಿದ್ದ ಮೇಲೆ ದೇವರ ಕೃಪೆಯನ್ನು ಸ್ವೀಕರಿಸುವ ಬಗೆ

ಗುಳೇದಗುಡ್ಡದಂಥ ಊರಿನಲ್ಲಿ ಕ್ರೈಸ್ತ ಸಭೆಯ ಒಬ್ಬರು ಎಡವಿ ಪಾಪಕ್ಕೆ ಬಿದ್ದರೆ ಸುದ್ದಿ ಸಂಜೆಯೊಳಗೆ ಮನೆಮನೆಗೂ ಮುಟ್ಟಿರುತ್ತದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ 1851ರಲ್ಲಿ ಅಲ್ಲಿ ಕೇಂದ್ರ ತೆರೆದಂದಿನಿಂದ ತಲೆಮಾರುಗಳ ಕಾಲ ಜೊತೆಯಾಗಿ ಆರಾಧಿಸಿದ ಕುಟುಂಬಗಳು ಬೀಗತನದಿಂದಲೂ ಬೆಸೆದುಕೊಂಡಿರುವುದರಿಂದ, ಬಿದ್ದವರು ಮೊದಲು ಬಿಡುವುದು ಭಾನುವಾರದ ಆರಾಧನೆಯನ್ನು. ಬೆಳಗಾವಿಯಂಥ ನಗರದಲ್ಲಾದರೆ ಸದ್ದಿಲ್ಲದೆ ಬೇರೆ ಸಭೆಯ ಹಿಂದಿನ ಸಾಲಿಗೆ ಸರಿದುಕೊಳ್ಳಬಹುದು. ಎರಡೂ ಕಡೆ ಮನಸ್ಸಿನೊಳಗಿನ ಮಾತು ಒಂದೇ: ಮೊದಲು ನಾನು ಸ್ವಲ್ಪ ಸರಿಹೋಗುತ್ತೇನೆ, ಆಮೇಲೆ ದೇವರ ಮುಂದೆ ನಿಲ್ಲುತ್ತೇನೆ. ಮರಳುವ ದಾರಿಯಲ್ಲಿ ಮೊದಲು ಕೈಬಿಡಬೇಕಾದದ್ದು ಈ ಅನುಕ್ರಮವನ್ನೇ, ಏಕೆಂದರೆ ಕೃಪೆ ಸರಿಹೋದವರಿಗೆ ಸಿಗುವ ಬಹುಮಾನವಲ್ಲ.

ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಬರುವ, ತಂದೆಯಿಂದ ಪಡೆದ ಆಸ್ತಿಯನ್ನು ಹಾಳುಮಾಡಿಕೊಂಡ ಕಿರಿಯ ಮಗನ ಕಥೆಯನ್ನು ಈ ದೃಷ್ಟಿಯಿಂದ ನಿಧಾನವಾಗಿ ಓದಿರಿ. ಅವನು ಹಂದಿಗಳ ನಡುವೆ ಕುಳಿತು ತಂದೆಗೆ ಹೇಳಬೇಕಾದ ಮಾತನ್ನು ಸಿದ್ಧಪಡಿಸಿಕೊಳ್ಳುತ್ತಾನೆ. ಅದರ ಕೊನೆಯಲ್ಲಿ ತನ್ನನ್ನು ಕೂಲಿಯಾಳಿನಂತೆ ಇಟ್ಟುಕೊಳ್ಳಬೇಕೆಂಬ ಬೇಡಿಕೆ 19ನೆಯ ವಚನದಲ್ಲಿದೆ. ಆದರೆ 21ನೆಯ ವಚನದಲ್ಲಿ ಅವನು ಮಾತಾಡುವಾಗ ಆ ಬೇಡಿಕೆ ಬರುವುದೇ ಇಲ್ಲ. ಪಾಪದ ಒಪ್ಪಿಗೆ ಮುಗಿಯುತ್ತಲೇ ತಂದೆ ಆಳುಗಳನ್ನು ಕರೆದು ನಿಲುವಂಗಿ, ಉಂಗುರ, ಜೋಡುಗಳನ್ನು ತರಿಸುತ್ತಾನೆ. ನಮ್ಮ ಪ್ರಾರ್ಥನೆಗಳಲ್ಲಿಯೂ ಕೂಲಿಯ ಆ ಮಾತು ನಾನಾ ರೂಪದಲ್ಲಿ ನುಸುಳುತ್ತದೆ: ಇಷ್ಟು ದಿನ ಉಪವಾಸ ಮಾಡುತ್ತೇನೆ, ಇಷ್ಟು ಕಾಣಿಕೆ ಹಾಕುತ್ತೇನೆ, ಕ್ಷಮಿಸು. ಉಪವಾಸ ಒಳ್ಳೆಯದೇ, ಕಾಣಿಕೆಯೂ ಒಳ್ಳೆಯದೇ. ಆದರೆ ಅವನ್ನು ಸಾಹುಕಾರನಿಗೆ ಕಟ್ಟುವ ಬಡ್ಡಿಯಂತೆ ಕೊಡಲು ಹೋದರೆ ತಂದೆಯನ್ನೇ ಸಾಹುಕಾರನನ್ನಾಗಿ ಮಾಡಿದಂತಾಗುತ್ತದೆ.

ಹಾಗಾದರೆ ಮೊದಲ ಪ್ರಾರ್ಥನೆ ಹೇಗಿರಬೇಕು? ಮಾಡಿದ್ದನ್ನು ಹೆಸರಿಟ್ಟು ಹೇಳಬೇಕು. ನಾನು ಮಹಾಪಾಪಿ ಎಂದು ಎದೆ ಬಡಿದುಕೊಳ್ಳುವುದು ಸುಲಭ. ಸ್ವಸಹಾಯ ಸಂಘದ ಹಣದಲ್ಲಿ ಇಷ್ಟನ್ನು ಸ್ವಂತಕ್ಕೆ ಬಳಸಿಕೊಂಡೆ, ಕೇಳಿದಾಗ ಬ್ಯಾಂಕಿನವರ ಮೇಲೆ ಹಾಕಿದೆ, ಮನೆಯಲ್ಲಿಯೂ ಸುಳ್ಳು ಹೇಳಿದೆ ಎಂದು ಬಿಡಿಬಿಡಿಯಾಗಿ ಹೇಳುವುದು ಕಷ್ಟ. ಬಾಯಿಂದ ಬಾರದಿದ್ದರೆ ಒಂದು ಹಾಳೆಯ ಮೇಲೆ ಬರೆದು, ಅದನ್ನೇ ದೇವರ ಮುಂದೆ ಓದಿ, ಬಳಿಕ ಹರಿದುಹಾಕಬಹುದು. ಸ್ವಂತ ಮಾತು ಸಾಲದೆಂದು ಅನಿಸಿದಾಗ 51ನೆಯ ಕೀರ್ತನೆಯನ್ನು ಗಟ್ಟಿಯಾಗಿ ಓದಿರಿ. ಅರಸನಾದ ದಾವೀದನು ಬತ್ಷೆಬೆಯೊಡನೆ ವ್ಯಭಿಚಾರ ಮಾಡಿದ ಮೇಲೆ ಪ್ರವಾದಿಯಾದ ನಾತಾನನು ಅವನ ಬಳಿಗೆ ಬಂದಾಗ ಹುಟ್ಟಿದ ಪ್ರಾರ್ಥನೆಯೆಂದು ಅದರ ಶಿರೋನಾಮೆ ಹೇಳುತ್ತದೆ. ಪ್ರಾರ್ಥನೆ ಮುಗಿದ ಮೇಲೆ ಮನಸ್ಸು ಹಗುರವಾಗದಿದ್ದರೆ ಕ್ಷಮೆ ಸಿಗಲಿಲ್ಲವೆಂದು ತಿಳಿಯಬೇಕಾಗಿಲ್ಲ. ಯೋಹಾನನ ಮೊದಲನೆಯ ಪತ್ರಿಕೆಯ 1:9 ಕ್ಷಮೆಯನ್ನು ನಮ್ಮ ಭಾವನೆಗೆ ಕಟ್ಟಿಲ್ಲ, ದೇವರ ನಂಬಿಗಸ್ತಿಕೆಗೆ ಕಟ್ಟಿದೆ.

ಯೇಸುವಿನ ಶಿಷ್ಯರಾದ ಯೂದನೂ ಪೇತ್ರನೂ ಒಂದೇ ರಾತ್ರಿ ಬಿದ್ದರು: ಯೂದನು ಆತನನ್ನು ಹಿಡಿದುಕೊಟ್ಟನು, ಪೇತ್ರನು ಆತನನ್ನು ಅರಿಯೆನೆಂದನು. ಇಬ್ಬರೂ ಸಂಕಟಪಟ್ಟರು. ಯೂದನು ಮೂವತ್ತು ಬೆಳ್ಳಿ ನಾಣ್ಯಗಳನ್ನು ಹಿಂದಿರುಗಿಸಿ, ನಿರಪರಾಧಿಯನ್ನು ಹಿಡಿದುಕೊಟ್ಟೆನೆಂದು ಒಪ್ಪಿಕೊಂಡನು ಕೂಡ. ಆದರೆ ಒಪ್ಪಿಕೊಂಡದ್ದು ಮಹಾಯಾಜಕರ ಮತ್ತು ಹಿರಿಯರ ಮುಂದೆ, ಅವರಿಗೋ ಅವನ ಗೋಳು ಬೇಕಿರಲಿಲ್ಲ. ಪೇತ್ರನು ಬಿಕ್ಕಿಬಿಕ್ಕಿ ಅತ್ತರೂ ಉಳಿದ ಶಿಷ್ಯರಿಂದ ದೂರವಾಗಲಿಲ್ಲ. ದೇವರ ಚಿತ್ತಕ್ಕೆ ಒಪ್ಪುವುದು, ಲೋಕದ್ದು ಎಂದು ದುಃಖದಲ್ಲಿ ಎರಡು ಬಗೆಯುಂಟೆಂದು ಪೌಲನು 2 ಕೊರಿಂಥ 7:10ರಲ್ಲಿ ಬರೆಯುತ್ತಾನೆ. ನನ್ನ ಅನುಭವದಲ್ಲಿ ಅವೆರಡನ್ನು ಗುರುತಿಸುವ ಸರಳ ಉಪಾಯವೆಂದರೆ ಅದು ನಮ್ಮನ್ನು ಯಾರ ಕಡೆಗೆ ನಡೆಸುತ್ತಿದೆ ಎಂದು ನೋಡುವುದು. ಕತ್ತಲ ಕೋಣೆಯ ಕಡೆಗೆ, ಸಾಯುವ ಯೋಚನೆಯ ಕಡೆಗೆ ಎಳೆಯುತ್ತಿದ್ದರೆ ಅದನ್ನು ಪಶ್ಚಾತ್ತಾಪದ ಆಳವೆಂದು ಮೆಚ್ಚಿಕೊಳ್ಳದೆ, ಅಂದೇ ಮನೆಯವರಿಗೆ ಹೇಳಿ; ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ.

ಇನ್ನು ಮನುಷ್ಯರ ಮುಂದೆ ಹೇಳುವ ವಿಚಾರ. ಕಥೋಲಿಕರಿಗೆ ಪಾಪನಿವೇದನೆಯ ಸಂಸ್ಕಾರವಿದೆ, ಮತ್ತು ಅಲ್ಲಿ ಕೇಳಿದ್ದನ್ನು ಗುರುಗಳು ಯಾವ ಕಾರಣಕ್ಕೂ ಹೊರಗೆಡಹುವಂತಿಲ್ಲ. ಸಿಎಸ್‌ಐ (ದಕ್ಷಿಣ ಭಾರತ ಸಭೆ), ಮೆಥೋಡಿಸ್ಟ್ ಮುಂತಾದ ಸಭೆಗಳವರು ಯಾಕೋಬ 5:16ರಂತೆ ಒಬ್ಬರನ್ನೊಬ್ಬರು ನಂಬಿ ಹೇಳಿಕೊಳ್ಳಬೇಕು. ಆದ್ದರಿಂದ ಆಯ್ಕೆಯಲ್ಲಿ ಎಚ್ಚರ ಬೇಕು. ಬೇರೆಯವರ ಗುಟ್ಟನ್ನು ಪ್ರಾರ್ಥನಾ ವಿನಂತಿಯ ಹೆಸರಿನಲ್ಲಿ ನಿಮ್ಮ ಮುಂದೆ ಹೇಳಿದವರು ನಿಮ್ಮ ಗುಟ್ಟನ್ನೂ ನಾಳೆ ಹಾಗೆಯೇ ಹೇಳುತ್ತಾರೆ. ಸಭಾಪಾಲಕರಾಗಲಿ, ವಯಸ್ಸಾದ ವಿಶ್ವಾಸಿಯಾಗಲಿ, ಒಬ್ಬರು ಸಾಕು.

ದೇವರು ಕ್ಷಮಿಸಿದನೆಂದು ಜನರ ಲೆಕ್ಕ ಚುಕ್ತಾ ಆಗುವುದಿಲ್ಲ. ಸುಂಕ ವಸೂಲಿಗಾರನಾದ ಜಕ್ಕಾಯನು ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಕೊಡುವೆನೆಂದನು. ಆದರೆ ಯೇಸು ಅವನ ಮನೆಗೆ ಬರುವೆನೆಂದು ಹೇಳಿದ್ದು ಆ ಮಾತಿಗಿಂತ ಮುಂಚೆ. ನೇಯ್ಗೆಯ ಮಾಲೀಕರಿಂದ ಮುಂಗಡ ಪಡೆದು ಕುಡಿದು ಕಳೆದವರು ಅವರ ಬಳಿಗೆ ಹೋಗಿ, ನೆಪ ಹೇಳದೆ ಮೊತ್ತವನ್ನು ಒಪ್ಪಿಕೊಂಡು, ತಿಂಗಳಿಗೆ ಎಷ್ಟು ತೀರಿಸಬಲ್ಲೆವೆಂದು ಹೇಳಬೇಕು. ದೊಡ್ಡ ಮಾತಿಗಿಂತ ತಪ್ಪದ ಚಿಕ್ಕ ಕಂತು ಮೇಲು. ನೊಂದವರು ನಿಮ್ಮನ್ನು ನೋಡಲು ಬಯಸದಿದ್ದರೆ ಅವರ ಬಾಗಿಲಿಗೆ ಹೋಗಿ ಕ್ಷಮೆಗಾಗಿ ಪೀಡಿಸಬೇಡಿ. ಕಾನೂನಿನ ಮುಂದೆ ಅಪರಾಧವಾಗಿದ್ದರೆ ಪ್ರಾರ್ಥನೆಯನ್ನು ಗುರಾಣಿಯಾಗಿ ಹಿಡಿಯುವಂತಿಲ್ಲ. ದಾವೀದನಿಗೂ ಕ್ಷಮೆ ದೊರೆಯಿತು, ಫಲವನ್ನು ಮಾತ್ರ ಅವನ ಮನೆ ಬಹುಕಾಲ ಉಂಡಿತು.

ಮತ್ತೆ ಬಿದ್ದರೆ? ಮತ್ತೆ ಇದೇ ದಾರಿ, ತಡಮಾಡದೆ. ಕುಡಿತದಂಥ ಚಟವಾದರೆ ಪ್ರಾರ್ಥನೆಯ ಜೊತೆಗೆ ಚಿಕಿತ್ಸೆಯೂ ಬೇಕು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್ ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳವರಿಗೆ ದೂರವೇನಲ್ಲ. ವೈದ್ಯರ ಬಳಿಗೆ ಹೋಗುವುದು ನಂಬಿಕೆಯ ಕೊರತೆ ಎನ್ನುವವರ ಮಾತಿಗೆ ಕಿವಿಗೊಡಬೇಡಿ.

ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಬಗ್ಗೆ ಅನೇಕರಿಗೆ ಅಂಜಿಕೆಯಿದೆ. ತಪ್ಪಿದವರನ್ನು ಶಿಸ್ತಿಗಾಗಿ ಭೋಜನದಿಂದ ದೂರವಿಡುವ ರೂಢಿ ಬಾಸೆಲ್ ಮಿಶನ್ ಕಾಲದ ಸಭೆಗಳಲ್ಲಿತ್ತು. ಅಂಥ ಕ್ರಮವನ್ನು ಕಂಡು ದೇವರೇ ತಮ್ಮನ್ನು ತಳ್ಳಿಬಿಟ್ಟನೆಂದು ತಿಳಿದುಕೊಳ್ಳುವವರು ಇಂದಿಗೂ ಇದ್ದಾರೆ. ಪೌಲನು 1 ಕೊರಿಂಥ 11:28ರಲ್ಲಿ ಹೇಳುವುದು ತನ್ನನ್ನು ಪರೀಕ್ಷಿಸಿಕೊಂಡವನಾಗಿ ತಿನ್ನಬೇಕೆಂದು, ಪರೀಕ್ಷಿಸಿಕೊಂಡು ಎದ್ದುಹೋಗಬೇಕೆಂದಲ್ಲ. ನಿಮ್ಮ ಸಭೆಯ ನಿಯಮವೇನೆಂದು ಸಭಾಪಾಲಕರನ್ನು, ಕಥೋಲಿಕರಾದರೆ ಪಾಪನಿವೇದನೆಯ ಹೊತ್ತಿನಲ್ಲಿ ಗುರುಗಳನ್ನು ನೇರವಾಗಿ ಕೇಳಿ.

ಸಭೆಯಲ್ಲಿನ ಹುದ್ದೆಗೆ ಮರಳುವುದು ಬೇರೆ ಮಾತು, ಅಲ್ಲಿ ಅವಸರ ಸಲ್ಲದು. ಪುನರುತ್ಥಾನನಾದ ಕರ್ತನು ಪೇತ್ರನಿಗೆ ಮೊದಲು ಪ್ರತ್ಯೇಕವಾಗಿ ಕಾಣಿಸಿಕೊಂಡನೆಂದು ಲೂಕ 24:34 ತಿಳಿಸುತ್ತದೆ, ಅಲ್ಲಿ ಏನು ಮಾತಾಯಿತೆಂದು ಯಾರೂ ಬರೆದಿಲ್ಲ. ಕುರಿಗಳನ್ನು ಮೇಯಿಸುವ ಕೆಲಸ ಒಪ್ಪಿಸಿದ್ದು ಆಮೇಲೆ, ಇತರ ಶಿಷ್ಯರಿದ್ದ ಸರೋವರದ ದಡದಲ್ಲಿ. ಹಣದಲ್ಲಿ ತಪ್ಪಿದವರು ಸಭೆಯ ಲೆಕ್ಕವನ್ನು ಬೇರೆಯವರಿಗೆ ಬಿಟ್ಟು, ಸದ್ಯಕ್ಕೆ ಚಾಪೆ ಹಾಸುವ, ಕುರ್ಚಿ ಜೋಡಿಸುವ ಕೆಲಸವನ್ನು ಕೇಳಿ ಪಡೆಯಲಿ. ಲೆಕ್ಕದ ಪುಸ್ತಕ ಮತ್ತೆ ಕೈಗೆ ಬರಬೇಕೋ ಬೇಡವೋ ಎಂಬುದನ್ನು ಸಭೆಯೇ ನಿರ್ಧರಿಸಲಿ.